ಮೋತಿಗೆ ಏನಾಯಿತು?

ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹೊಲಮನೆಗೆ ನಾಯಿ ಬೇಕೇ ಬೇಕು. ಅದು ಕಣ ಕಾಯುತ್ತದೆ. ಕಳ್ಳರು ಬಂದರೆ ಬೊಗಳುತ್ತದೆ. ಅಂಥ ನಾಯಿ ಒಮ್ಮೆಲೇ ಬದಲಾದರೆ ಏನು ಮಾಡಬೇಕು? ಈ ಕತೆ ಓದಿರಿ.

ಮೋತಿ ಎರಡು ದಿನದಿಂದ ರೊಟ್ಟಿ ಮುಟ್ಟಲಿಲ್ಲ. ಬಂಡಿಯ ಕೆಳಗೆ ಕತ್ತಲಲ್ಲಿ ಕುಳಿತಿತ್ತು. ಕರೆದರೆ ಬಾಲ ಅಲ್ಲಾಡಿಸಲಿಲ್ಲ. ಅದರ ದವಡೆ ಜೋತು ಬಿದ್ದಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಧ್ವನಿಯೂ ಬದಲಾಗಿತ್ತು.

“ಅವ್ವಾ, ಮೋತಿ ಗಂಟಲಾಗ ಎಲುಬು ಸಿಕ್ಯಾದ” ಎಂದ ಮಗ. ಅದರ ಬಾಯಿಗೆ ಕೈ ಹಾಕಿದ. ಹಲ್ಲು ತಾಗಿ ಬೆರಳಿಗೆ ರಕ್ತ ಬಂತು.

“ಕೈ ತಗಿ ಮಗಾ, ದೂರ ಸರಿ!” ಎಂದು ಅವ್ವ ಓಡಿ ಬಂದಳು.

ನೆರೆಮನೆಯ ಅಕ್ಕ ಹೇಳಿದಳು: “ಖಾರಪುಡಿ ಹಚ್ಚವ್ವಾ. ಅದು ನಿಮ್ಮ ನಾಯಿನೇ ಅದ. ಏನೂ ಆಗಂಗಿಲ್ಲ.”

ಅವ್ವ ಕೇಳಲಿಲ್ಲ. ಸಾಬೂನು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದಳು. ಅಂದೇ ಮಗನನ್ನು ಸರಕಾರಿ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಗಾಯದ ಸುತ್ತ ಒಂದು ಔಷಧ ಚುಚ್ಚಿದರು. ತೋಳಿಗೆ ಲಸಿಕೆ ಹಾಕಿದರು.

ನಾಲ್ಕನೆಯ ದಿನ ಮೋತಿ ಸತ್ತಿತು. ಮಗ ಅತ್ತ. ಆದರೆ ಎಲ್ಲ ಸೂಜಿ ಹಾಕಿಸಿಕೊಂಡ. ಇಂದು ಅವನು ಶಾಲೆಗೆ ಹೋಗುತ್ತಿದ್ದಾನೆ.

ಇದು ಯಾವ ರೋಗ?

ಇದು ಹುಚ್ಚುನಾಯಿ ರೋಗ. ಇದಕ್ಕೆ ರೇಬೀಸ್ ಎನ್ನುತ್ತಾರೆ. ಇದರ ವಿಷಾಣು ನಾಯಿಯ ಜೊಲ್ಲಿನಲ್ಲಿ ಇರುತ್ತದೆ. ಗಾಯದಿಂದ ನರದೊಳಗೆ ಹೋಗುತ್ತದೆ. ನರದ ದಾರಿ ಹಿಡಿದು ಮೆದುಳಿಗೆ ಏರುತ್ತದೆ. ಮೆದುಳಿಗೆ ಮುಟ್ಟಿ ರೋಗ ಕಾಣಿಸಿದರೆ ಬದುಕುವುದು ಬಹಳ ಅಪರೂಪ. ಅದಕ್ಕೂ ಮೊದಲೇ ಲಸಿಕೆ ಬೇಕು.

ಹುಚ್ಚು ಹಿಡಿದ ನಾಯಿ ಎಲ್ಲವೂ ಓಡಾಡಿ ಕಚ್ಚುವುದಿಲ್ಲ. ಕೆಲವು ಮೋತಿಯ ಹಾಗೆ ಸುಮ್ಮನೆ ಮೂಲೆ ಹಿಡಿಯುತ್ತವೆ. ಅದೇ ಮೋಸ.

ಆದರೆ ಬದಲಾದ ನಾಯಿಗೆಲ್ಲ ಹುಚ್ಚು ಎನ್ನಬೇಡಿರಿ. ನೋವು ಇದ್ದರೂ, ವಿಷ ತಿಂದರೂ, ಮರಿ ಹಾಕಿದರೂ ನಾಯಿಯ ನಡತೆ ಬದಲಾಗುತ್ತದೆ. ಹೊಡೆಯಬೇಡಿರಿ, ಮುಟ್ಟಬೇಡಿರಿ. ಮಕ್ಕಳನ್ನು, ದನಗಳನ್ನು ದೂರ ಇಡಿರಿ. ದನಕ್ಕೂ ಈ ರೋಗ ಬರುತ್ತದೆ. ದನದ ಡಾಕ್ಟರಿಗೆ ತಿಳಿಸಿರಿ. ಉದಗೀರದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ಸೂಜಿಯ ಭಯ ಬೇಡ

1885ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ 9 ವರ್ಷದ ಹುಡುಗನಿಗೆ ಈ ಲಸಿಕೆ ಕೊಡಿಸಿದರು. ಹುಡುಗ ಬದುಕಿದ. ನಮ್ಮಲ್ಲಿ ಮೊದಲು ಹೊಟ್ಟೆಗೆ 14 ಸೂಜಿ ಚುಚ್ಚುತ್ತಿದ್ದರು. 2005ರಿಂದ ಆ ಹಳೆಯ ಲಸಿಕೆ ನಿಂತಿದೆ. ಈಗ ತೋಳಿಗೆ ಕೊಡುತ್ತಾರೆ. ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ, 3, 7 ಮತ್ತು 28ನೆಯ ದಿನ ಹೋಗಬೇಕು. ಕೆಲವು ಕಡೆ 14ನೆಯ ದಿನವೂ ಕರೆಯುತ್ತಾರೆ. ಚೀಟಿಯ ಮೇಲಿನ ತಾರೀಖು ನೀವೇ ಓದಿರಿ. ನಡುವೆ ಬಿಡಬೇಡಿರಿ.

ನೆನಪಿಡಿರಿ

1. ಗಾಯಕ್ಕೆ ಖಾರಪುಡಿ, ಸುಣ್ಣ, ಎಣ್ಣೆ ಹಚ್ಚಬಾರದು.
2. ಸಾಕಿದ ನಾಯಿ ಕಚ್ಚಿದರೂ, ಪರಚಿದರೂ ಡಾಕ್ಟರಿಗೆ ತೋರಿಸಬೇಕು.
3. ನಾಯಿಯನ್ನು 10 ದಿನ ಗಮನಿಸಬೇಕು. ಆದರೆ ಅದಕ್ಕಾಗಿ ಸೂಜಿ ತಡಮಾಡಬಾರದು.
4. ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿರಿ. ಆಮೇಲೆ ವರ್ಷಕ್ಕೊಮ್ಮೆ ಹಾಕಿಸಿರಿ.

ಓದಿ ಉತ್ತರಿಸಿರಿ

1. ಮೋತಿಯಲ್ಲಿ ಯಾವ ಬದಲಾವಣೆ ಕಂಡವು?
2. ಅವ್ವ ಮೊದಲು ಏನು ಮಾಡಿದಳು?
3. ಮೊದಲ ಸೂಜಿ ಸೋಮವಾರ ಆದರೆ, ಎರಡನೆಯ ಸೂಜಿ ಯಾವ ವಾರ?