ವೆಬ್ ಫ್ರೇಮ್‌ವರ್ಕುಗಳ ವೇಗಪರೀಕ್ಷೆ

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ಗಾದೆ ಗಣಕಯಂತ್ರಗಳ ವೇಗವನ್ನು ಸಾರುವ ಅಂಕಿಗಳಿಗೂ ಸಲ್ಲುತ್ತದೆ.

ಅಂತರಜಾಲ ತಾಣವನ್ನು ಕಟ್ಟುವವರು ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಓದುಗನ ಕೋರಿಕೆಯನ್ನು ಸ್ವೀಕರಿಸುವುದು, ದತ್ತಾಂಶವನ್ನು ತರುವುದು, ಪುಟವನ್ನು ರಚಿಸಿ ಕಳುಹಿಸುವುದು ಮುಂತಾದ ಸಾಮಾನ್ಯ ಕಾರ್ಯಗಳಿಗೆ ಸಿದ್ಧವಾಗಿರುವ ಚೌಕಟ್ಟೇ ವೆಬ್ ಫ್ರೇಮ್‌ವರ್ಕ್. ಇಂತಹವು ಹಲವಾರಿರುವುದರಿಂದ, ಯಾವುದು ಹೆಚ್ಚು ವೇಗದ್ದೆಂಬ ಪ್ರಶ್ನೆ ಏಳುವುದು ಸಹಜ.

ಅಮೆರಿಕದ ಟೆಕ್‌ಎಂಪವರ್ ಸಂಸ್ಥೆಯು ಇವುಗಳನ್ನು ಒಂದೇ ಬಗೆಯ ಯಂತ್ರಗಳ ಮೇಲೆ ಓಡಿಸಿ ಹೋಲಿಸುವ ಕಾರ್ಯವನ್ನು 2013ರಲ್ಲಿ ಆರಂಭಿಸಿತು. ಅದರ ಪರೀಕ್ಷೆಗಳಲ್ಲಿ ಅತಿ ಸರಳವಾದುದು “ಹಲೋ, ವರ್ಲ್ಡ್!” ಎಂಬ ಮಾತನ್ನಷ್ಟೇ ಹಿಂದಿರುಗಿಸುವುದು. ‘ಫಾರ್ಚೂನ್ಸ್’ ಎಂಬುದು ನಿತ್ಯದ ಕೆಲಸಕ್ಕೆ ಹೆಚ್ಚು ಹತ್ತಿರವಾದುದು: ದತ್ತಸಂಚಯದಿಂದ ಸಾಲುಗಳನ್ನು ತಂದು, ಇನ್ನೊಂದನ್ನು ಸೇರಿಸಿ, ಅನುಕ್ರಮದಲ್ಲಿ ಜೋಡಿಸಿ, ಪುಟವಾಗಿ ರಚಿಸಬೇಕು.

ಇವೆರಡರ ಅಂತರವು ವಿಚಾರಾರ್ಹ. ಒಂದು ಫ್ರೇಮ್‌ವರ್ಕ್ ತನ್ನ ಪಾಲಿನ ಕೆಲಸಕ್ಕೆ 1 ಮಿಲಿಸೆಕೆಂಡನ್ನೂ ಮತ್ತೊಂದು 2 ಮಿಲಿಸೆಕೆಂಡನ್ನೂ ತೆಗೆದುಕೊಳ್ಳುವುದೆಂದು ಭಾವಿಸೋಣ. ಸರಳ ಪರೀಕ್ಷೆಯಲ್ಲಿ ಮೊದಲನೆಯದರ ವೇಗ ಎರಡರಷ್ಟು. ಆದರೆ ದತ್ತಸಂಚಯವೇ 40 ಮಿಲಿಸೆಕೆಂಡು ಹಿಡಿಯುವಲ್ಲಿ ಒಟ್ಟು ಕಾಲ 41 ಮತ್ತು 42 ಆಗುವುದು. ಆ ಹಿರಿಮೆ ಬಳಸುವವನ ಅನುಭವಕ್ಕೇ ಬಾರದು.

ಎರಡನೆಯ ತೊಡಕು ಸರಾಸರಿಯದು. ನೂರು ಕೋರಿಕೆಗಳಲ್ಲಿ 99ಕ್ಕೆ 10 ಮಿಲಿಸೆಕೆಂಡೂ ಒಂದಕ್ಕೆ 2,000 ಮಿಲಿಸೆಕೆಂಡೂ ಹಿಡಿದರೆ ಸರಾಸರಿ ಸುಮಾರು 30. ವಾಸ್ತವದಲ್ಲಿ 30 ಮಿಲಿಸೆಕೆಂಡು ಕಾದವರು ಒಬ್ಬರೂ ಇಲ್ಲ! ಒಂದು ಪುಟಕ್ಕೆ ಇಂತಹ 20 ಕೋರಿಕೆಗಳು ಬೇಕಾದರೆ, ಸಂಭಾವ್ಯತೆಯ ಲೆಕ್ಕದಂತೆ ನೂರರಲ್ಲಿ ಸುಮಾರು 18 ಪುಟಗಳು ಕನಿಷ್ಠ ಒಂದು ವಿಳಂಬಕ್ಕೆ ಸಿಲುಕುತ್ತವೆ. ಆದುದರಿಂದಲೇ ತಜ್ಞರು ಸರಾಸರಿಯ ಜೊತೆಗೆ 99ನೆಯ ಶತಾಂಶಕವನ್ನೂ ಕೇಳುವುದು.

ಮೂರನೆಯದು ಇನ್ನೂ ಸೂಕ್ಷ್ಮ. ಪರೀಕ್ಷಿಸುವ ಯಂತ್ರವು ಒಂದು ಉತ್ತರ ಬರುವವರೆಗೆ ಮುಂದಿನ ಕೋರಿಕೆಯನ್ನು ಕಳುಹಿಸದೆ ಕಾದರೆ, ಸರ್ವರ್ ಸ್ತಬ್ಧವಾದ ಅವಧಿಯಲ್ಲಿ ಬರಬೇಕಾಗಿದ್ದ ಕೋರಿಕೆಗಳು ಲೆಕ್ಕಕ್ಕೇ ಸೇರುವುದಿಲ್ಲ. ಗಿಲ್ ಟೆನೆ ಎಂಬ ತಂತ್ರಜ್ಞರು ಈ ದೋಷಕ್ಕೆ ‘ಕೋಆರ್ಡಿನೇಟೆಡ್ ಒಮಿಷನ್’ ಎಂದು ಹೆಸರಿಟ್ಟರು. ಉತ್ತರ ಬರಲಿ ಬಾರದಿರಲಿ, ನಿಗದಿಯಾದ ವೇಗದಲ್ಲಿ ಕೋರಿಕೆಗಳನ್ನು ಕಳುಹಿಸುತ್ತಿರುವುದೇ ಇದಕ್ಕೆ ಪರಿಹಾರ.

ಇಷ್ಟರಿಂದ ವೇಗಪರೀಕ್ಷೆ ವ್ಯರ್ಥವೆಂದು ತಿಳಿಯಬಾರದು; ಕೊಳಗ ಸರಿಯಿದ್ದರೆ ತಾನೆ ಅಳತೆ ಸರಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ಸಹಸ್ರಾರು ವಿದ್ಯಾರ್ಥಿಗಳು ಒಂದೇ ತಾಣವನ್ನು ಒಮ್ಮೆಗೇ ತೆರೆಯುವರು. ಸರಾಸರಿಯಲ್ಲಿ ಮರೆಯಾಗುವ ಆ ನೂರನೆಯವನೂ ಅವರಲ್ಲೊಬ್ಬನೇ. ಮುಂದೆ ಇಂತಹ ತಾಣಗಳನ್ನು ಕಟ್ಟಲಿರುವ ನಮ್ಮ ಸಹಪಾಠಿಗಳು ಪಟ್ಟಿಯ ಮೊದಲ ಹೆಸರಿಗೆ ಮರುಳಾಗದೆ, ತಮ್ಮ ಕೆಲಸವನ್ನೇ ಪರೀಕ್ಷೆಗೊಡ್ಡಿ, ಅನೇಕ ಬಾರಿ ಅಳೆದು, ಅನಂತರ ನಿರ್ಣಯಿಸುವುದು ಯುಕ್ತ.