ಬೆಲೆ ಇಳಿದಷ್ಟು ಬಾಳಿಕೆ ಇಳಿಯದು

ಕಾಲ ಕಳೆದಂತೆ ವಸ್ತುವಿನ ಬೆಲೆಯೂ ಕುಗ್ಗುತ್ತದೆ, ಬಾಳಿಕೆಯೂ ಕುಗ್ಗುತ್ತದೆ; ಆದರೆ ಅವೆರಡೂ ಒಂದೇ ವೇಗದಲ್ಲಿ ಕುಗ್ಗುವುದಿಲ್ಲ ಎಂಬುದೇ ಬಳಸಿದ ವಸ್ತುಗಳನ್ನು ಕೊಳ್ಳುವುದರಲ್ಲಿರುವ ಲಾಭದ ಮೂಲ. ಅಂಗಡಿಯಿಂದ ಹೊರಬಂದ ದಿನದಿಂದ ವಸ್ತುವಿನ ಬೆಲೆಯಲ್ಲಿ ಆಗುತ್ತ ಹೋಗುವ ಇಳಿಕೆಯನ್ನು ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂದು ಕರೆಯುತ್ತಾರೆ. ಈ ಸವಕಳಿಯ ದೊಡ್ಡ ಪಾಲು ಮೊದಲ ಕೆಲವು ವರ್ಷಗಳಲ್ಲೇ ಆಗಿಹೋಗುವುದರಿಂದ ಅದರ ಭಾರವನ್ನು ಮೊದಲ ಒಡೆಯರು ಹೊರುತ್ತಾರೆ, ಉಳಿದಿರುವ ಬಾಳಿಕೆಯು ಕಡಿಮೆ ಬೆಲೆಗೆ ಎರಡನೆಯ ಒಡೆಯರ ಪಾಲಾಗುತ್ತದೆ.

ಇದಕ್ಕೆ ಖಚಿತವಾದ ಅಳತೆ ಸಿಗುವುದು ವಾಹನಗಳಲ್ಲಿ. ವಾಹನ ಕಳುವಾದರೆ ಅಥವಾ ಪೂರ್ತಿ ನಾಶವಾದರೆ ವಿಮಾ ಕಂಪನಿಯು ಕೊಡಬೇಕಾದ ಗರಿಷ್ಠ ಮೊತ್ತವನ್ನು ಐಡಿವಿ ಎನ್ನುತ್ತಾರೆ. ಭಾರತದ ಮೋಟಾರು ವಿಮಾ ದರಪಟ್ಟಿಯು ಇದನ್ನು ಲೆಕ್ಕ ಹಾಕುವಾಗ ಹೊಸ ವಾಹನದ ಬೆಲೆಯಿಂದ ಆರು ತಿಂಗಳೊಳಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡು ವರ್ಷದೊಳಗೆ ಶೇ 20, ಮೂರರೊಳಗೆ ಶೇ 30, ನಾಲ್ಕರೊಳಗೆ ಶೇ 40, ಐದರೊಳಗೆ ಶೇ 50ರಷ್ಟು ಸವಕಳಿಯನ್ನು ಕಳೆಯುತ್ತದೆ. ಅದೇ ವಾಹನಕ್ಕೆ ಕಾನೂನು ಕೊಡುವ ನೋಂದಣಿಯ ಅವಧಿ 15 ವರ್ಷ, ಆ ಬಳಿಕವೂ ವಾಹನ ಯೋಗ್ಯವಾಗಿದ್ದರೆ ಐದೈದು ವರ್ಷಕ್ಕೆ ನವೀಕರಿಸಲು ಅವಕಾಶವಿದೆ. ಅಂದರೆ ಬೆಲೆ ಅರ್ಧಕ್ಕೆ ಇಳಿಯುವ ಹೊತ್ತಿಗೆ ನೋಂದಣಿಯ ಅವಧಿಯಲ್ಲಿ ಮೂರನೆಯ ಒಂದು ಭಾಗವಷ್ಟೇ ಸವೆದಿರುತ್ತದೆ. ಈ ಅಂಕಣಕಾರರ ಮನೆಗೆ ಬಂದ ಮೊದಲ ಕಾರು ಐದು ವರ್ಷ ಹಳೆಯದಾಗಿತ್ತು, ಅದು ಅಲ್ಲಿಂದ ಮುಂದೆ ಎಂಟು ವರ್ಷ ಮನೆಯವರ ಕೆಲಸಕ್ಕೆ ಒದಗಿತು.

ಕರ್ನಾಟಕದ ಮಟ್ಟಿಗೆ ಇದರೊಡನೆ ಸೇರಿಸಿ ಯೋಚಿಸಬೇಕಾದ ಇನ್ನೊಂದು ಸಂಗತಿ ಆಜೀವ ತೆರಿಗೆ, ಅಂದರೆ ಖಾಸಗಿ ಕಾರನ್ನು ನೋಂದಾಯಿಸುವಾಗ ಒಂದೇ ಬಾರಿಗೆ ಕಟ್ಟಬೇಕಾದ ರಸ್ತೆ ತೆರಿಗೆ. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಅದು ಬೆಲೆಯನ್ನು ಅನುಸರಿಸಿ ಶೇ 13ರಿಂದ ಶೇ 18ರವರೆಗೆ ಇರುವ ಪದ್ಧತಿ, ದೇಶದ ಇತರ ರಾಜ್ಯಗಳೊಡನೆ ಹೋಲಿಸಿದರೆ, ಭಾರವಾದದ್ದು. ರಾಜ್ಯದೊಳಗೇ ನೋಂದಣಿಯಾದ ಕಾರನ್ನು ಕೊಂಡ ಎರಡನೆಯ ಒಡೆಯರು ಇದನ್ನು ಮತ್ತೆ ಕಟ್ಟಬೇಕಾಗಿಲ್ಲ. ಹೊರರಾಜ್ಯದ ಕಾರು ಅಗ್ಗವಾಗಿ ಕಂಡಾಗ ಅನೇಕರು ಮರೆಯುವುದು ಈ ಅಂಶವನ್ನೇ. ಅಂಥ ಕಾರನ್ನು ಇಲ್ಲಿ ಇಟ್ಟುಕೊಳ್ಳಬೇಕಾದರೆ ಹಿಂದಿನ ರಾಜ್ಯದ ನಿರಾಕ್ಷೇಪಣಾ ಪತ್ರದ ಜೊತೆಗೆ ಇಲ್ಲಿನ ತೆರಿಗೆಯನ್ನೂ ಕಟ್ಟಬೇಕಾಗುವುದರಿಂದ ಅಗ್ಗವೆಂಬುದು ಬಹುಮಟ್ಟಿಗೆ ಕರಗಿಹೋಗುತ್ತದೆ.

ಒಂದು ಮಾದರಿ ಲೆಕ್ಕದಿಂದ ಇದು ತಿಳಿಯಾಗಬಹುದು. 8,00,000 ರೂಪಾಯಿಯ ಕಾರಿಗೆ ಶೇ 14ರಂತೆ 1,12,000 ರೂಪಾಯಿ ತೆರಿಗೆ ಸೇರಿದರೆ ಒಟ್ಟು 9,12,000 ಆಗುತ್ತದೆ. ಐದು ವರ್ಷದ ಬಳಿಕ ಅದನ್ನು 4,00,000ಕ್ಕೆ ಮಾರಿದರೆ ಮೊದಲ ಒಡೆಯರಿಗೆ ತಗಲಿದ ವೆಚ್ಚ 5,12,000, ವರ್ಷಕ್ಕೆ 1,02,400. ಅದನ್ನು 4,00,000ಕ್ಕೆ ಕೊಂಡವರು ಇನ್ನೈದು ವರ್ಷ ಓಡಿಸಿ 1,60,000ಕ್ಕೆ ಮಾರಿದರೆ ವರ್ಷಕ್ಕೆ 48,000 ಬೀಳುತ್ತದೆ, ಹಳೆಯ ಕಾರಿಗೆ ಹೆಚ್ಚಾಗಿ ತಗಲುವ ದುರಸ್ತಿಗೆಂದು ವರ್ಷಕ್ಕೆ 15,000 ಸೇರಿಸಿದರೂ 63,000 ದಾಟುವುದಿಲ್ಲ. ವರ್ಷಕ್ಕೆ 39,400 ರೂಪಾಯಿಯ ಈ ಅಂತರವು ಮಧ್ಯಮ ವರ್ಗದ ಸಂಸಾರದಲ್ಲಿ ಸಣ್ಣ ಮೊತ್ತವಲ್ಲ. ಹೊಸ ಕಾರನ್ನು ಸಾಲದಲ್ಲಿ ಕೊಂಡಿದ್ದರೆ ಅದರ ಬಡ್ಡಿ ಬೇರೆ. ಹಾಗೆಯೇ ಹಳೆಯ ಕಾರಿನ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಹೆಚ್ಚಿನ ಬಡ್ಡಿ ಹಾಕುವುದರಿಂದ ಇಲ್ಲಿನ ಉಳಿತಾಯವು ಕೈಯಲ್ಲಿರುವ ಹಣದಿಂದ ಕೊಳ್ಳುವವರಿಗೇ ಪೂರ್ತಿಯಾಗಿ ದಕ್ಕುತ್ತದೆ.

ಬಾಳಿಕೆ ಇಷ್ಟು ಉಳಿದಿರುವಾಗ ಬೆಲೆ ಅಷ್ಟು ಬೀಳುವುದೇಕೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಒಂದು ಹೆಸರಾಂತ ಉತ್ತರವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ, ಮುಂದೆ 2001ರ ನೊಬೆಲ್ ಪುರಸ್ಕಾರಕ್ಕೆ ಕಾರಣವಾದ ಪ್ರಬಂಧವು ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಎತ್ತಿಕೊಂಡಿತ್ತು. ಕಾರಿನ ಒಳಗುಟ್ಟು ಮಾರುವವರಿಗೆ ಗೊತ್ತಿರುತ್ತದೆ, ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಈ ಮಾಹಿತಿಯ ಅಸಮತೆಯಿಂದಾಗಿ ಕೊಳ್ಳುವವರು ಒಳ್ಳೆಯ ಕಾರಿಗೂ ಕೆಟ್ಟ ಕಾರಿಗೂ ನಡುವಿನ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾರೆ, ಆ ಬೆಲೆಗೆ ಒಳ್ಳೆಯ ಕಾರನ್ನು ಮಾರಲು ಮನಸ್ಸಾಗದವರು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾರೆ, ಹೀಗಾಗಿ ಸರಾಸರಿ ಗುಣಮಟ್ಟವೂ ಬೆಲೆಯೂ ಮತ್ತಷ್ಟು ಇಳಿಯುತ್ತವೆ. ಮನೆಯ ಹಣಕಾಸಿಗೆ ಇದರಿಂದ ಹೊರಡುವ ಅರ್ಥವು ಮುಖ್ಯವಾದದ್ದು. ಹಳೆಯ ವಸ್ತುವಿನ ಬೆಲೆಯಲ್ಲಿ ಕಡಿಮೆಯಾಗಿರುವ ಮೊತ್ತದ ಒಂದು ಭಾಗ ಸವೆತಕ್ಕೆ ಸಂದದ್ದು, ಇನ್ನೊಂದು ಭಾಗ ಸಂದೇಹಕ್ಕೆ ಸಂದದ್ದು. ಪರೀಕ್ಷಿಸಿ ಸಂದೇಹವನ್ನು ನೀಗಿಸಿಕೊಳ್ಳಬಲ್ಲವರಿಗೆ ಆ ಎರಡನೆಯ ಭಾಗವೇ ಲಾಭವಾಗಿ ಉಳಿಯುತ್ತದೆ. ಆದ್ದರಿಂದ ಪರೀಕ್ಷಿಸಲು ಬರುವ ವಸ್ತುವನ್ನು ಹಳೆಯದಾಗಿ ಕೊಳ್ಳುವುದು ಬುದ್ಧಿವಂತಿಕೆ, ಪರೀಕ್ಷಿಸಲು ಬಾರದ್ದನ್ನು ಕೊಳ್ಳುವುದು ಅದೃಷ್ಟಪರೀಕ್ಷೆ.

ವಾಹನದ ವಿಷಯದಲ್ಲಿ ಪರೀಕ್ಷೆಯೆಂದರೆ ಎಂಜಿನ್ನಿನದಷ್ಟೇ ಅಲ್ಲ, ಕಾಗದಪತ್ರಗಳದ್ದೂ ಹೌದು. ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು, ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಿಸುವುದಕ್ಕೆ ಆಗುವ ಖರ್ಚು ಉಳಿತಾಯದ ಎದುರು ಅತ್ಯಲ್ಪ. ಆರ್‌ಸಿಯಲ್ಲಿ ಸಾಲದ ನಮೂದು ಉಳಿದಿದೆಯೇ, ವಿಮೆ ಜಾರಿಯಲ್ಲಿದೆಯೇ, ಸಂಚಾರ ದಂಡ ಬಾಕಿಯಿದೆಯೇ ಎಂಬುದನ್ನು ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಹಣ ಕೊಟ್ಟ ಮೇಲೆ ಉಳಿಯುವ ಕೆಲಸ ಹೆಸರು ವರ್ಗಾವಣೆ. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು. 29 ಮತ್ತು 30ನೆಯ ನಮೂನೆಗಳು ಇರುವುದು ಇದಕ್ಕಾಗಿಯೇ. ಈ ಅಂಕಣಕಾರರು ತಮ್ಮ ಹಳೆಯ ಸ್ಕೂಟರನ್ನು ಮಾರಿದಾಗ ಸಹಿ ಮಾಡಿದ ಕಾಗದಗಳನ್ನು ಕೊಂಡವರ ಕೈಗಿತ್ತು ಸುಮ್ಮನಾದದ್ದರಿಂದ, ಏಳೆಂಟು ತಿಂಗಳ ಮೇಲೂ ಅದರ ದಂಡದ ನೋಟಿಸುಗಳು ಅವರ ಮನೆಯ ವಿಳಾಸಕ್ಕೇ ಬರುತ್ತಿದ್ದವು. ದಂಡಕ್ಕಿಂತ ದೊಡ್ಡ ಅಪಾಯ ಅಪಘಾತದ್ದು. ಹಲವು ಕೈ ದಾಟಿಯೂ ಹೆಸರು ಬದಲಾಗದ ವಾಹನವೊಂದರ ಪ್ರಕರಣದಲ್ಲಿ, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ 2018ರ ತೀರ್ಪಿನಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕೊಂಡವರಿಗೂ ಇಲ್ಲಿ ಒಂದು ಗಡುವು ಇದೆ: ವಿಮಾ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಕೊಡಬೇಕು, ಇಲ್ಲವಾದರೆ ತಮ್ಮ ವಾಹನಕ್ಕೇ ಆದ ಹಾನಿಗೆ ಪರಿಹಾರ ಕೇಳುವಾಗ ತೊಡಕಾಗುತ್ತದೆ. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿಯು ವಾಹನಕ್ಕಲ್ಲ, ವ್ಯಕ್ತಿಗೆ ಸೇರಿದ್ದು. ಹಾಗಾಗಿ ಹಿಂದಿನ ಒಡೆಯರು ಕಟ್ಟುತ್ತಿದ್ದ ಪ್ರೀಮಿಯಮ್ಮನ್ನೇ ನಂಬಿ ಲೆಕ್ಕ ಹಾಕಬಾರದು.

ಕಣ್ಣಿಗೂ ಕೈಗೂ ಪೂರ್ತಿ ನಿಲುಕುವ ವಸ್ತುವೆಂದರೆ ಮರದ್ದು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹೆಂಚಿನ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟುಗಳನ್ನು ಎಬ್ಬಿಸುವಾಗ ಹೊರಬರುವ ತೇಗದ ಬಾಗಿಲು, ಕಿಟಕಿ, ತೊಲೆಗಳನ್ನು ಕೆಡವುವ ಗುತ್ತಿಗೆದಾರರೇ ಮಾರುತ್ತಾರೆ. ಹಸಿ ಮರವು ಒಣಗುವಾಗ ಬಾಗಿ ಬಿರಿಯುತ್ತದೆ. ಹಲವು ದಶಕಗಳ ಮಳೆ ಬಿಸಿಲನ್ನು ಕಂಡ ಮರದಲ್ಲಿ ಆ ಬಾಗುವಿಕೆ ಎಂದೋ ಮುಗಿದಿರುತ್ತದೆ. ಅಂಥ ಕಡೆಯಿಂದ ತಂದ ಎರಡು ಬಾಗಿಲುಗಳಿಂದ ಈ ಅಂಕಣಕಾರರು ಮಾಡಿಸಿದ ಮೇಜು ಹದಿನಾಲ್ಕು ವರ್ಷದಿಂದ ಅಲುಗದೆ ನಿಂತಿದೆ, ಬಡಗಿಯ ಕೂಲಿ ಸೇರಿಯೂ ಅದಕ್ಕೆ ಆದ ಖರ್ಚು ಹೊಸ ತೇಗದ ಮೇಜಿನ ಅರ್ಧಕ್ಕಿಂತ ಕಡಿಮೆ. ಗೆದ್ದಲು ಹತ್ತಿದೆಯೇ, ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತದೆಯೇ, ಬಡಿದರೆ ಟೊಳ್ಳು ಸದ್ದು ಬರುತ್ತದೆಯೇ ಎಂದು ನೋಡಿದರೆ ಸಂದೇಹ ಬಹುಮಟ್ಟಿಗೆ ತೀರುತ್ತದೆ. ಈ ಮಾತು ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಕಪಾಟುಗಳಿಗೆ ಸಲ್ಲದು; ಒಮ್ಮೆ ಬಿಚ್ಚಿ ಜೋಡಿಸಿದರೆ ಅವುಗಳಲ್ಲಿ ಸ್ಕ್ರೂ ಹಿಡಿತ ಕಳೆದುಕೊಳ್ಳುತ್ತದೆ, ನೀರು ತಗಲಿದರೆ ಅಂಚುಗಳು ಉಬ್ಬುತ್ತವೆ.

ಪುಸ್ತಕಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು ಎಷ್ಟೋ ಬಡ ವಿದ್ಯಾರ್ಥಿಗಳ ಓದನ್ನು ಮುಂದುವರಿಸಿವೆ, ಮತ್ತು ಅಕ್ಷರಗಳಿಗೆ ಸವಕಳಿಯೆಂಬುದಿಲ್ಲ. ಪಠ್ಯಕ್ರಮ ಬದಲಾಗಿದೆಯೇ ಎಂಬುದನ್ನು ಮಾತ್ರ ಮೊದಲ ಪುಟದ ಮುದ್ರಣದ ವರ್ಷದಲ್ಲಿ ನೋಡಿಕೊಳ್ಳಬೇಕು.

ಇದಕ್ಕೆ ವಿರುದ್ಧವಾದದ್ದು ಒಳಗೆ ಏನಾಗಿದೆಯೆಂದು ಹೊರಗಿನಿಂದ ತಿಳಿಯದ ಯಂತ್ರ. ಹತ್ತು ವರ್ಷದ ಹಳೆಯ ಫ್ರಿಜ್ಜೊಂದನ್ನು ಈ ಅಂಕಣಕಾರರು 6,000 ರೂಪಾಯಿಗೆ ಕೊಂಡಿದ್ದರು. ಹೊರಮೈ ಹೊಳೆಯುತ್ತಿತ್ತು, ಎರಡನೆಯ ಬೇಸಿಗೆಯಲ್ಲಿ ಕಂಪ್ರೆಸರ್ ನಿಂತಿತು. ಅದು ನಿಲ್ಲುವ ಮುಂಚೆಯೇ ನಷ್ಟ ವಿದ್ಯುತ್ ಬಿಲ್ಲಿನ ಮೂಲಕ ಆರಂಭವಾಗಿತ್ತು. ಹಳೆಯ ಫ್ರಿಜ್ಜು ದಿನಕ್ಕೆ ಒಂದೇ ಒಂದು ಯೂನಿಟ್ ಹೆಚ್ಚು ಬಳಸಿದರೂ, ಯೂನಿಟ್ಟಿಗೆ 6 ರೂಪಾಯಿಯೆಂದು ಹಿಡಿದರೆ, ವರ್ಷಕ್ಕೆ 2,190 ರೂಪಾಯಿ, ಐದು ವರ್ಷಕ್ಕೆ 10,950 ರೂಪಾಯಿ ಕೈಬಿಡುತ್ತದೆ. ಇಂಧನ ದಕ್ಷತಾ ಬ್ಯೂರೋ ನೀಡುವ ನಕ್ಷತ್ರಗಳ ಮಾನದಂಡವನ್ನು ಆಗಾಗ ಬಿಗಿಗೊಳಿಸುವುದರಿಂದ ಹಿಂದಿನ ಐದು ನಕ್ಷತ್ರ ಇಂದಿನ ಐದು ನಕ್ಷತ್ರಕ್ಕೆ ಸಮವಲ್ಲ. ಲೇಬಲ್ಲಿನ ಮೇಲೆ ಅಚ್ಚಾಗಿರುವ ಅವಧಿಯನ್ನು ಓದಿಯೇ ಹೋಲಿಸಬೇಕು.

ಮೊಬೈಲ್ ಫೋನಿನಲ್ಲಿ ಸಂದೇಹ ಇನ್ನೊಂದು ಬಗೆಯದು. 1930ರ ಸರಕು ಮಾರಾಟ ಕಾಯ್ದೆಯ 27ನೆಯ ಕಲಮಿನ ತತ್ತ್ವದಂತೆ ಮಾರುವವರು ತಮಗಿಲ್ಲದ ಒಡೆತನವನ್ನು ಕೊಳ್ಳುವವರಿಗೆ ದಾಟಿಸಲಾರರು, ಹೀಗಾಗಿ ಕದ್ದ ಫೋನಿಗೆ ಪ್ರಾಮಾಣಿಕವಾಗಿ ಹಣ ಕೊಟ್ಟವರೂ ಅದನ್ನು ಕಳೆದುಕೊಳ್ಳಬೇಕಾಗುತ್ತದೆ. ಪ್ರತಿ ಫೋನಿಗೂ ಇರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಿ, ಮೊದಲ ಖರೀದಿಯ ಬಿಲ್ಲನ್ನು ಕೇಳಿ ಪಡೆಯುವುದು ಬೆಲೆ ಮಾತಾಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಎಷ್ಟೇ ಅಗ್ಗವಾದರೂ ಹಳೆಯದಾಗಿ ಕೊಳ್ಳಬಾರದ ಕೆಲವು ವಸ್ತುಗಳಿವೆ. ಹೆಲ್ಮೆಟ್ಟಿನ ಒಳಪದರವು ಒಂದೇ ಹೊಡೆತವನ್ನು ನುಂಗಿಕೊಳ್ಳಲೆಂದು ರೂಪಿಸಿದ್ದು, ಆ ಹೊಡೆತ ಬಿದ್ದಿದೆಯೇ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಗ್ಯಾಸಿನ ರಬ್ಬರ್ ಕೊಳವೆ ಇದೇ ಸಾಲಿಗೆ ಸೇರುತ್ತದೆ. ಟೈರು ಮೇಲ್ನೋಟಕ್ಕೆ ಸವೆಯದೆ ಇದ್ದರೂ ರಬ್ಬರು ವಯಸ್ಸಿನಿಂದಲೇ ಗಡುಸಾಗಿ ಬಿರಿಯುತ್ತದೆ, ಅದರ ವಯಸ್ಸನ್ನು ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳು ಹೇಳುತ್ತವೆ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಮೇಲೆ ಹೇಳಿದ ಐದು ವರ್ಷದ ಕಾರನ್ನು ಕೊಳ್ಳುವಾಗ ಮೆಕ್ಯಾನಿಕ್ ಈ ಅಂಕಿಗಳನ್ನು ಓದಿ, ನಾಲ್ಕೂ ಟೈರುಗಳು ಕಾರಿನಷ್ಟೇ ಹಳೆಯವೆಂದು ತೋರಿಸಿದ್ದರಿಂದ, ಹೊಸ ಟೈರುಗಳ ಬೆಲೆಯನ್ನು ಮಾತಾಡಿದ ಮೊತ್ತದಿಂದ ಕಳೆಯಲು ಮಾರುವವರು ತಕರಾರಿಲ್ಲದೆ ಒಪ್ಪಿದರು.