ಒಪ್ಪಿಗೆ ಕೊಡುವ ಮುನ್ನ ವಾಪಸು ಬರುವ ದಾರಿ ಕೇಳಿ

ಶನಿವಾರ ರಾತ್ರಿ ಸಾಫ್ಟ್‌ವೇರ್ ಬದಲಾಗುತ್ತದೆ, ಸೋಮವಾರ ಬೆಳಿಗ್ಗೆ ಬಿಲ್ಲಿಂಗ್ ಕೈಕೊಡುತ್ತದೆ. ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು ಎಂದು ಮಾಲೀಕರು ಗುಡುಗಿದರೆ ಹನ್ನೊಂದು ಸಹಿಗಳ ಹಾಳೆ ಮೇಜಿನ ಮೇಲೆ ಬರುತ್ತದೆ. ಅದನ್ನು ಪೂರ್ತಿ ಓದಿ ಸಹಿ ಹಾಕಿದವರು ಎಷ್ಟು ಮಂದಿ ಎಂದು ಕೇಳಿ ನೋಡಿ, ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ಇಂಥ ಸಭೆಗಳಲ್ಲಿ ವರ್ಷಗಟ್ಟಲೆ ಕೂತೆದ್ದ ನನಗೆ ಈ ದೃಶ್ಯ ಹೊಸದಲ್ಲ.

ಆ ಸಹಿಗಳು ಬೀಳುವುದು ಚೇಂಜ್ ರಿವ್ಯೂ ಬೋರ್ಡಿನ ಸಭೆಯಲ್ಲಿ. ಹಾಗೆಂದರೆ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಆಗಬೇಕಾದ ಬದಲಾವಣೆಗಳನ್ನು ಮೊದಲೇ ಪರಿಶೀಲಿಸುವ ಸಮಿತಿ. ಚೇಂಜ್ ಅಡ್ವೈಸರಿ ಬೋರ್ಡ್ ಎಂದೂ ಕರೆಯುತ್ತಾರೆ, ಚುಟುಕಾಗಿ ‘ಕ್ಯಾಬ್’. (ರಾತ್ರಿ ಪಾಳಿಯವರಿಗೆ ಕ್ಯಾಬ್ ಎಂದರೆ ಮನೆಗೆ ಬಿಡುವ ಗಾಡಿ. ‘ಇವತ್ತು ಕ್ಯಾಬ್ ಎಷ್ಟೊತ್ತಿಗೆ?’ ಎಂದರೆ ಎರಡು ಉತ್ತರ ಬರುವುದುಂಟು.) 1980ರ ದಶಕದ ಕೊನೆಗೆ ಬ್ರಿಟನ್ ಸರ್ಕಾರದ ಸಂಸ್ಥೆಯೊಂದು ಹೊರತರಲು ಶುರುಮಾಡಿದ ‘ಐಟಿಐಎಲ್’ ಕೈಪಿಡಿಗಳ ಮೂಲಕ ಹಬ್ಬಿದ ಪದ್ಧತಿ ಇದು. ನಮ್ಮಲ್ಲಿ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಆರ್‌ಬಿಐ ನಿರ್ದೇಶನವೂ ಬದಲಾವಣೆ ನಿರ್ವಹಣೆಗೆ ಲಿಖಿತ ಪದ್ಧತಿ ಇರಲೇಬೇಕು ಎಂದು ವಾಣಿಜ್ಯ ಬ್ಯಾಂಕುಗಳಿಗೆ ಹೇಳುತ್ತದೆ. ಇಷ್ಟು ಪೀಠಿಕೆ ಸಾಕು, ಕೆಲಸಕ್ಕೆ ಬರೋಣ.

ಮೊದಲು ರಾಶಿ ಬೇರ್ಪಡಿಸಿ

ಎಲ್ಲ ಬದಲಾವಣೆಯೂ ಸಮಿತಿಗೆ ಬರಬೇಕಿಲ್ಲ. ಹೊಸ ನೌಕರನಿಗೆ ಲಾಗಿನ್ ಕೊಡುವುದು, ಪ್ರಿಂಟರ್ ಬದಲಿಸುವುದು ದಿನನಿತ್ಯದ ಕೆಲಸ. ಇವಕ್ಕೆ ಒಮ್ಮೆ ವಿಧಾನ ಬರೆದಿಟ್ಟು ಕೈತೊಳೆದುಕೊಳ್ಳಿ. ಎರಡನೆಯ ರಾಶಿ ಸಮಿತಿಗೆ ಬರಬೇಕಾದದ್ದು: ಕೆಟ್ಟರೆ ವ್ಯಾಪಾರ ನಿಲ್ಲುವಂಥದ್ದು, ಲೆಕ್ಕ ತಪ್ಪುವಂಥದ್ದು, ಗ್ರಾಹಕರ ಕಣ್ಣಿಗೆ ಬೀಳುವಂಥದ್ದು. ಮೂರನೆಯದು ತುರ್ತಿನ ರಾಶಿ, ಅದರ ಮಾತು ಕೊನೆಗೆ.

ಹೀಗೆ ಬೇರ್ಪಡಿಸದೆ ವಾರಕ್ಕೆ ಎಂಬತ್ತು ಅರ್ಜಿ ಎದುರಿಗೆ ಬಂದರೆ ಸಮಿತಿ ಠಸ್ಸೆ ಒತ್ತುವ ಗುಮಾಸ್ತನಾಗುತ್ತದೆ. ನಿಕೋಲ್ ಫಾರ್ಸ್‌ಗ್ರೆನ್ ಮತ್ತು ಜೊತೆಗಾರರು 2018ರ ‘ಆಕ್ಸಿಲರೇಟ್’ ಪುಸ್ತಕದಲ್ಲಿ ಸಮೀಕ್ಷೆಗಳ ಆಧಾರದ ಮೇಲೆ ಹೇಳಿದ್ದು ಇದಕ್ಕೂ ಕಟುವಾದ ಮಾತು: ಹೊರಗಿನ ಸಮಿತಿಯ ಒಪ್ಪಿಗೆಗೆ ಕಾಯುವ ತಂಡಗಳ ಕೆಲಸ ನಿಧಾನ, ಹಾಗೆಂದು ಅವರ ಬದಲಾವಣೆಗಳು ಕೆಡುವುದೇನೂ ಕಡಿಮೆಯಿಲ್ಲ. ಸಮಿತಿಯೇ ಬೇಡ ಎನ್ನುವವರು ಇದನ್ನು ಎತ್ತಿ ತೋರಿಸುತ್ತಾರೆ. ಸಮಿತಿ ಬೇಕು, ಅದರ ಮುಂದೆ ಬರುವ ಅರ್ಜಿ ಕಡಿಮೆಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ಐದಾರು ಮಂದಿ ಸಾಕು

ಐಟಿ ಮುಖ್ಯಸ್ಥರು, ಸರ್ವರ್ ನೋಡಿಕೊಳ್ಳುವವರು, ಡೇಟಾಬೇಸ್ ಬಲ್ಲವರು, ಲೆಕ್ಕಪತ್ರ ವಿಭಾಗದವರೊಬ್ಬರು. ಇವರ ಜೊತೆಗೆ ಕೌಂಟರಿನಲ್ಲೋ ಗೋದಾಮಿನಲ್ಲೋ ಆ ತೆರೆಯ ಮುಂದೆ ದಿನವಿಡೀ ಕೂರುವ ಒಬ್ಬರು ಇರಲೇಬೇಕು. ‘ಬೆಳಿಗ್ಗೆ ಆರಕ್ಕೇ ಲೋಡ್ ಹೊರಡುತ್ತೆ ಸಾರ್, ಏಳರವರೆಗೆ ಸಿಸ್ಟಮ್ ಇಲ್ಲ ಅಂದ್ರೆ ಹೆಂಗೆ?’ ಎಂದು ಕೇಳುವುದು ಅವರೊಬ್ಬರೇ.

ಅರ್ಜಿ ಒಂದು ಪುಟ ಮೀರಬಾರದು. ಏನು ಬದಲಾಗುತ್ತದೆ, ಏಕೆ, ಯಾವಾಗ, ಯಾರಿಗೆ ತಟ್ಟುತ್ತದೆ, ಎಲ್ಲಿ ಪರೀಕ್ಷಿಸಿ ನೋಡಿದ್ದೀರಿ, ಕೆಟ್ಟರೆ ವಾಪಸು ಹೇಗೆ. ಸಭೆಗೆ ಎರಡು ದಿನ ಮುಂಚೆಯೇ ಎಲ್ಲರ ಕೈಸೇರಬೇಕು.

‘ಬ್ಯಾಕಪ್ ಇದೆ’ ಎಂಬ ಎರಡು ಪದ

ಹೆಚ್ಚಿನವರು ಎಡವುವುದು ಅರ್ಜಿಯ ಆ ಕೊನೆಯ ಕಲಮಿನಲ್ಲಿ. ನಾನೂ ಎಡವಿದ್ದೇನೆ.

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಜಿಎಸ್‌ಟಿ ದರಗಳು ಬದಲಾದವು. ನಾನು ಸಲಹೆಗಾರನಾಗಿದ್ದ ಒಂದು ಸಗಟು ವಿತರಕರ ಕಂಪನಿಯಲ್ಲಿ ಭಾನುವಾರ ರಾತ್ರಿ ಬಿಲ್ಲಿಂಗ್‌ನ ದರಪಟ್ಟಿ ಬದಲಿಸಿದರು. ಮೈಸೋಪಿನ ತೆರಿಗೆ ಶೇ 18ರಿಂದ 5ಕ್ಕೆ ಇಳಿದಿತ್ತು, ಬಟ್ಟೆ ಒಗೆಯುವ ಡಿಟರ್ಜೆಂಟಿನದು 18ರಲ್ಲೇ ಉಳಿದಿತ್ತು. ಅವರ ಕಂಪ್ಯೂಟರಿನಲ್ಲಿ ಮಾತ್ರ ಎರಡೂ ‘ಸೋಪು’ ಎಂಬ ಒಂದೇ ಗುಂಪಿನಲ್ಲಿದ್ದವು! ಬೆಳಿಗ್ಗೆ ಹನ್ನೊಂದೂವರೆಗೆ ಲೆಕ್ಕಪತ್ರದವರು ಪತ್ತೆ ಹಚ್ಚುವಷ್ಟರಲ್ಲಿ 63 ಬಿಲ್ ಹೊರಗೆ ಹೋಗಿದ್ದವು. ವಾಪಸು ಹೋಗುವ ಕಲಮಿನಲ್ಲಿ ಬರೆದದ್ದು ‘ಬ್ಯಾಕಪ್ ಇದೆ’ ಎಂದಷ್ಟೆ. ಹಾಗಾಗಿ ಭಾನುವಾರ ರಾತ್ರಿಯ ಬ್ಯಾಕಪ್ಪನ್ನೇ ಮರಳಿ ಹಾಕಿದರು.

ಬೆಳಗಿನ 63 ಬಿಲ್ಲುಗಳೂ ಕಂಪ್ಯೂಟರಿನಿಂದ ಮಾಯವಾದವು. ಮುಂದಿನ ಬಿಲ್ಲುಗಳು ಅದೇ ಸಂಖ್ಯೆಗಳಿಂದ ಮತ್ತೆ ಶುರುವಾದವು. ಬಿಲ್ಲುಗಳನ್ನು ನೋಂದಾಯಿಸುವ ಜಿಎಸ್‌ಟಿಯ ಇ-ಇನ್‌ವಾಯ್ಸ್ ಪೋರ್ಟಲ್ ಒಂದೊಂದನ್ನೂ ತಿರಸ್ಕರಿಸತೊಡಗಿತು. ಒಂದು ಹಣಕಾಸು ವರ್ಷದಲ್ಲಿ ಒಂದು ಬಿಲ್ ಸಂಖ್ಯೆ ಒಮ್ಮೆ ಮಾತ್ರ. ನೋಂದಣಿಯಾದ ಬಿಲ್ಲನ್ನು 24 ಗಂಟೆಯೊಳಗೆ ರದ್ದು ಮಾಡಬಹುದು, ಆದರೆ ಆ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ. ಗೇಟಿನಲ್ಲಿ ಲಾರಿಗಳು ನಿಂತವು. ಅಂಗಡಿಯವರ ಕೈಯಲ್ಲಿದ್ದ ಪ್ರತಿಗಳ ಫೋಟೊ ವಾಟ್ಸ್‌ಆ್ಯಪಿನಲ್ಲಿ ತರಿಸಿಕೊಂಡು ಹುಡುಗರು ಎರಡು ದಿನ ಕೂತು ಬಿಲ್ಲುಗಳನ್ನು ಮತ್ತೆ ಹೊಡೆದರು. ದರ ತಪ್ಪಿದ್ದು ಹತ್ತು ನಿಮಿಷದ ರಿಪೇರಿಯಾಗಿತ್ತು, ಇಷ್ಟು ರಾದ್ಧಾಂತ ಆದದ್ದು ವಾಪಸು ಹೋದ ರೀತಿಯಿಂದ. ಆ ಅರ್ಜಿಯ ಮೇಲೆ ನನ್ನ ಸಹಿಯೂ ಇತ್ತು.

ದೊಡ್ಡವರೂ ಇದೇ ಹಳ್ಳಕ್ಕೆ ಬಿದ್ದಿದ್ದಾರೆ. 2012ರ ಜೂನ್ 17ರ ಭಾನುವಾರ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕು, ರಾತ್ರಿಯ ಲೆಕ್ಕದ ಕೆಲಸಗಳನ್ನು ಸಾಲಾಗಿ ನಡೆಸುವ ತಂತ್ರಾಂಶವನ್ನು ಮೇಲ್ದರ್ಜೆಗೇರಿಸಿತು. ಏನೋ ಸರಿಯಿಲ್ಲ ಅನ್ನಿಸಿದಾಗ ಅದನ್ನು ಕಿತ್ತು ಹಳೆಯದಕ್ಕೆ ಮರಳಿದರು. ಮರಳಿದರೆ ಏನಾಗುತ್ತದೆ ಎಂದು ಮೊದಲು ಪರೀಕ್ಷಿಸಿ ನೋಡಿರಲಿಲ್ಲ. 65 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ತೊಂದರೆಯಾಯಿತು, 2014ರಲ್ಲಿ ನಿಯಂತ್ರಕರು 5.6 ಕೋಟಿ ಪೌಂಡ್ ದಂಡ ಹಾಕಿದರು.

ಆದ್ದರಿಂದ ಆ ಕಲಮಿನಲ್ಲಿ ಮೂರು ಸಂಗತಿ ಇರಲೇಬೇಕು. ವಾಪಸು ಹೋಗಲು ಎಷ್ಟು ಹೊತ್ತು ಬೇಕು, ಅಂದಾಜಲ್ಲ, ಮಾಡಿ ನೋಡಿದ ಲೆಕ್ಕ. ವಾಪಸು ಹೋದರೆ ನಡುವೆ ಸೇರಿದ ಮಾಹಿತಿಯ ಗತಿ ಏನು. ವಾಪಸು ಹೋಗೋಣ ಎಂದು ಯಾರು, ಎಷ್ಟು ಗಂಟೆಗೆ ಹೇಳುತ್ತಾರೆ.

ಗಂಟೆಯ ವಿಷಯದಲ್ಲಿ ಬಹಳಷ್ಟು ಜನ ಲೆಕ್ಕ ತಪ್ಪುತ್ತಾರೆ. ರಾತ್ರಿ 10ರಿಂದ ಬೆಳಗಿನ ಜಾವ 4ರವರೆಗೆ ಸಮಯ ಸಿಕ್ಕಿದೆ ಎನ್ನಿ. ವಾಪಸಿಗೆ ಎರಡು ಗಂಟೆ, ಆಮೇಲೆ ಪರೀಕ್ಷೆಗೆ ಅರ್ಧ ಗಂಟೆ. ಹಾಗಾದರೆ ನಿರ್ಧಾರದ ಗಡುವು 4 ಗಂಟೆಯಲ್ಲ, 1.30. ಅಷ್ಟು ಹೊತ್ತಿಗೆ ಕೆಲಸ ದಡ ಸೇರದಿದ್ದರೆ ನಿಲ್ಲಿಸಿಬಿಡಬೇಕು. ‘ಇನ್ನು ಹತ್ತೇ ನಿಮಿಷ ಸಾರ್’ ಎನ್ನುವ ಎಂಜಿನಿಯರ್ ಹುಡುಗ ಎಷ್ಟೇ ಬುದ್ಧಿವಂತನಿರಲಿ, ಬಿಡಬೇಡಿ. ಆ ಹತ್ತು ನಿಮಿಷ ಬೆಳಗಿನ ಏಳರವರೆಗೆ ಎಳೆದದ್ದನ್ನು ನಾನು ಕಂಡಿದ್ದೇನೆ.

ದಿನ ನೋಡಿ, ಆಮೇಲೂ ನೋಡಿ

ಸಮಿತಿಯ ಮುಂದೆ ಕ್ಯಾಲೆಂಡರ್ ಇರಲಿ. ಜಿಎಸ್‌ಟಿ ರಿಟರ್ನ್‌ನ 11 ಮತ್ತು 20ನೇ ತಾರೀಖು, ಸಂಬಳದ ದಿನ, ಮಾರ್ಚ್ ಕೊನೆಯ ವಾರ, ದೀಪಾವಳಿಯ ಹಿಂದಿನ ವಾರ ಬೇಡವೇ ಬೇಡ.

ಬದಲಿಸಿದವರು ಒಬ್ಬರು, ಸರಿಯಾಗಿದೆಯೇ ಎಂದು ನೋಡುವವರು ಇನ್ನೊಬ್ಬರು. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ದಲ್ಲಾಳಿ ಸಂಸ್ಥೆಯಲ್ಲಿ ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದು ತಪ್ಪಿಹೋಗಿತ್ತು, ಎರಡನೆಯವರು ಯಾರೂ ನೋಡಿರಲಿಲ್ಲ. 2012ರ ಆಗಸ್ಟ್ 1ರಂದು ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ನಷ್ಟು ಹೋಯಿತು.

ತುರ್ತು ಬದಲಾವಣೆಗೆ ಸಭೆ ಬೇಡ. ಇಬ್ಬರು ಫೋನಿನಲ್ಲೇ ಒಪ್ಪಿದರೆ ಸಾಕು, ಕಾಗದ ಮರುದಿನ. ಆದರೆ ತಿಂಗಳಿಗೆ ನಾಲ್ಕೈದು ತುರ್ತು ಬಂದರೆ ಯಾರೋ ಸಮಿತಿಯನ್ನು ತಪ್ಪಿಸಿಕೊಂಡು ಹೋಗುತ್ತಿದ್ದಾರೆ ಎಂದು ತಿಳಿಯಿರಿ. ಕೆಟ್ಟ ಬದಲಾವಣೆಯ ಪರಾಮರ್ಶೆ ಒಂದು ವಾರದೊಳಗೆ ಆಗಲಿ. ಅಲ್ಲಿ ಯಾರದು ತಪ್ಪು ಎಂಬ ವಿಚಾರಣೆ ಬೇಡ, ಅರ್ಜಿಯ ಯಾವ ಕಲಂ ಸುಳ್ಳಾಯಿತು ಎಂದಷ್ಟೇ ನೋಡಿ.

ಈ ವಾರ ನಿಮ್ಮ ಸಭೆಗೆ ಬರುವ ಅರ್ಜಿಗಳನ್ನು ಕೊನೆಯ ಕಲಮಿನಿಂದ ಓದಲು ಶುರುಮಾಡಿ. ಅಲ್ಲಿ ‘ಬ್ಯಾಕಪ್ ಇದೆ’ ಎಂದಷ್ಟೇ ಇದ್ದರೆ ಮೇಲಿನದನ್ನು ಓದುವ ಶ್ರಮ ತೆಗೆದುಕೊಳ್ಳದೆ ಅರ್ಜಿ ಹಿಂದಿರುಗಿಸಿ.